ಬಾಲವಿಲ್ಲದ ಕತ್ತರಿ

ಶುಕ್ರವಾರ ಸಂಜೆ, ೧೭ನೇ ತಾರೀಖು

ಮುದ್ದಿನ ಮಗಳೇ,

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿರು. ಅಪ್ಪನ ಮೊದಲ ಆಶೀರ್ವಾದ ಅದೇ. ಉತ್ತರ ತಡವಾಯಿತು, ಬೈಯಬೇಡ. ‘ಬೆಟರ್ ಲೇಟ್ ದ್ಯಾನ್’ ಏನೋ ಅಂತ ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನದು ಮರೆತಿದೆ. ನೀನಂತೂ ಫೋನು ಆಫ್ ಮಾಡಿಟ್ಟಿದ್ದೀಯ. ಪಕ್ಕದ ಮನೆಯ ನರ್ಸಮ್ಮ ನಿನ್ನೂರಿಗೆ ಹೊರಟಿದ್ದಾರೆ, ಅವರ ಕೈಗೆ ಇದನ್ನು ಕೊಡುತ್ತಿದ್ದೇನೆ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ‘ರಿಕಾಂಬಿನೆಂಟ್ ವೈರಲ್ ಪ್ರೋಟಿಯೇಸ್’ ಅನ್ನುವಷ್ಟರಲ್ಲಿ ಕಟ್ಟಿಸಿಕೊಂಡ ಹಲ್ಲೇ ಕಳಚಿತು. ತಿಳಿದದ್ದಿಷ್ಟು: ಔಷಧದ ಪ್ರೋಟೀನಿಗೆ ಒಂದು ಬಾಲ ಅಂಟಿಸುತ್ತೀರಿ, ಆ ಬಾಲ ಹಿಡಿದು ಅದನ್ನು ಕೊಳೆಯೊಳಗಿಂದ ಎಳೆದು ತೆಗೆಯುತ್ತೀರಿ. ಆಮೇಲೆ ವೈರಸ್ಸಿನಿಂದ ಎರವಲು ತಂದು ಬೆಳೆಸಿದ ಕತ್ತರಿಯಿಂದ, ಅದೇ ಆ ಪ್ರೋಟಿಯೇಸ್, ಬಾಲ ಕತ್ತರಿಸುತ್ತೀರಿ. ಕತ್ತರಿಗೂ ಅಂಥದೇ ಬಾಲ ಇರಬೇಕು, ಕೆಲಸ ಮುಗಿದ ಮೇಲೆ ಅದನ್ನೂ ಹಿಡಿದು ಹೊರಗೆಳೆಯಲು. ಈ ಸಲ ತರಿಸಿದ ಕತ್ತರಿಗೆ ಬಾಲವೇ ಇರಲಿಲ್ಲ, ಯಾರೂ ಗಮನಿಸಲಿಲ್ಲ. ಕತ್ತರಿ ಔಷಧದಲ್ಲೇ ಉಳಿಯಿತು. ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲಿಗೆ ಹಾಕಿದ ಡಾಕ್ಟರ ಕಥೆ! ಮೊದಲ ಸೂಜಿಗೆ ಏನೂ ಆಗದಿರಬಹುದು, ಮೈ ಆ ಅಪರಿಚಿತನ ಗುರುತು ಇಟ್ಟುಕೊಳ್ಳುತ್ತದೆ. ಎರಡನೆಯದಕ್ಕೆ ಮೇಲೆ ಬೀಳುತ್ತದೆ, ಉಸಿರೇ ನಿಲ್ಲಬಹುದು ಎಂದು ಬರೆದಿದ್ದೀಯ. ಈ ಔಷಧ ಸರಿಯಿದೆಯೆಂದು ಸಹಿ ಹಾಕಲಾರೆನೆಂದು ಗಂಡನ ಮನೆ ಬಿಟ್ಟು ಗೆಳತಿಯ ಕೋಣೆ ಸೇರಿದ್ದೀಯ.

ನಿನ್ನೆ ಅಳಿಯಂದಿರು ಬಂದಿದ್ದರು. ಟೀ ನಾನೇ ಮಾಡಿದೆ. ಸಕ್ಕರೆ ಹಾಕಿದೆನೋ ಇಲ್ಲವೋ, ಅವರು ಕೇಳಲಿಲ್ಲ.

“ಮಾವ, ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಲ್ಯಾಬಿಗೆ ಯಜಮಾನ ನಾನು, ಆದ್ರೆ ಸಹಿ ಅವಳದ್ದೇ ಆಗ್ಬೇಕು.”

“ಮನೇಲೂ ಹಾಗೇನಾ?” ಎಂದೆ. ಅವರು ನಗಲಿಲ್ಲ.

“ರೋಗಿಗಳು ಕಾಯ್ತಿದ್ದಾರೆ. ಹೋದ ತಿಂಗಳು ಎಲ್ಲರ ಮುಂದೆ ನಾನೇ ಚುಚ್ಚಿಕೊಂಡೆ. ಏನಾಯ್ತು? ಗುಂಡುಕಲ್ಲಿನ ಹಾಗಿದ್ದೀನಿ!”

“ಅದು ಮೊದಲನೇದಲ್ವಾ?”

ಅವರು ಖಾಲಿ ಲೋಟವನ್ನೇ ಮತ್ತೆ ಬಾಯಿಗೆತ್ತಿದರು.

ನಿನ್ನಮ್ಮ ಇದ್ದಿದ್ದರೆ ಗಂಡಹೆಂಡಿರಿಬ್ಬರನ್ನೂ ಒಂದೇ ಕೋಣೆಗೆ ನೂಕಿ ಹೊರಗಿಂದ ಚಿಲಕ ಹಾಕುತ್ತಿದ್ದಳು. ನನಗೆ ಆ ವಿದ್ಯೆ ಬರದು. ನನ್ನದು ಬರೀ ಮಾತು: ಸಹಿ ಹಾಕಬೇಡ. ಯಾರದೋ ಮಗು ಎರಡನೇ ಸೂಜಿಗೆ ತೋಳು ಚಾಚಿ ಕೂತಿರುತ್ತದೆ.

ನಿನ್ನ ಕೈ ಗಟ್ಟಿಯಾಗಿರಲಿ, ಮನಸ್ಸು ಕಲ್ಲಾಗದಿರಲಿ.

ನಿನ್ನ
ಅಪ್ಪ

ವಿ.ಸೂ.: ನರ್ಸಮ್ಮ ಬಾಗಿಲಲ್ಲಿ ನಿಂತು “ಬಸ್ಸು ತಪ್ಪುತ್ತೆ ರೀ” ಎನ್ನುತ್ತಿದ್ದಾರೆ. ಈಗ ಬರೆಯುವುದನ್ನು ನಿನಗೆ ಹೇಳಕೂಡದೆಂದು ಅಳಿಯಂದಿರು ಮೊದಲೇ ಮಾತು ತೆಗೆದುಕೊಂಡಿದ್ದರು. ಹೊರಡುವಾಗ ಶರಟಿನ ತೋಳು ಮಡಿಸಿ ತೋರಿಸಿದರು. ಚುಚ್ಚಿದ ಜಾಗ ಇನ್ನೂ ಕೆಂಪಗೆ ಊದಿಕೊಂಡಿದೆ. “ಶನಿವಾರ ಬೆಳಿಗ್ಗೆ ಏಳಕ್ಕೇ ಲ್ಯಾಬಿಗೆ ಎಲ್ಲರನ್ನೂ ಕರೆದು ಎರಡನೇದೂ ಚುಚ್ಚಿಕೊಳ್ತೀನಿ ಮಾವ. ಆಗಲಾದ್ರೂ ಅವಳು ನನ್ನ ನಂಬ್ತಾಳಲ್ಲ,” ಎಂದರು. ಅವರೂ ಈಗ ಫೋನು ಎತ್ತುತ್ತಿಲ್ಲ. ಜಗಳ ಆಮೇಲಾಡು ಮಗಳೇ, ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಹೋಗಿ ಆ ಕೈ ಹಿಡಿದುಕೋ. ಬಸ್ಸು ನಿನ್ನೂರು ಮುಟ್ಟುವುದು ನಾಳೆ ಬಿಸಿಲೇರಿದ ಮೇಲೆಯಂತೆ.