ಎರಡನೇ ಸ್ಟೂಲು

ಅತ್ತೆಯವರಿಗೆ ನಮಸ್ಕಾರ.

ಸೊಂಟದ ನೋವು ಇಳಿದಿದೆ ಅಂತ ನಾದಿನಿ ಹೇಳಿದಳು. ಸೊಸೆ ಮಾಡಿದ ಸ್ಟೂಲು ಅತ್ತೆಯನ್ನೇ ಕೆಡವಿತು ಅಂತ ಬೀದಿಯೆಲ್ಲ ನಕ್ಕಿದ್ದು ನನಗೂ ಕೇಳಿಸಿದೆ.

ತಪ್ಪು ನನ್ನದೇ. ಬಾಟಲಿ ಪ್ಲಾಸ್ಟಿಕ್ಕು, ಚೀಲದ ಪ್ಲಾಸ್ಟಿಕ್ಕು ಎರಡನ್ನೂ ಸುಮ್ಮನೆ ಕರಗಿಸಿ ಬೆರೆಸಿದ್ದೆ. ಮೇಲೆ ಥಳಥಳ ಅಂತಿದ್ದರೂ ಒಳಗೆ ಒಂದನ್ನೊಂದು ಹಿಡಿದಿರಲಿಲ್ಲ. ಹೊಸ ಸ್ಟೂಲಿಗೆ, ಎರಡನ್ನೂ ಕಚ್ಚಿ ಹಿಡಿಯುವ ಮೂರನೆಯ ವಸ್ತುವೊಂದನ್ನು ಸೇರಿಸಿದ್ದೀನಿ. ನಾನು ಕೆಲಸ ಮಾಡೋ ಕಾರ್ಖಾನೆಯ ಯಂತ್ರ ಇನ್ನೂರು ಕಿಲೋ ಭಾರ ಹಾಕಿ ಒತ್ತಿದರೂ ಕಾಲು ಅಲುಗಲಿಲ್ಲ.

ಭಾನುವಾರ ಮಗಳ ಮನೆಯಿಂದ ಬಂದುಬಿಡಿ. ನಿಮ್ಮ ಮಗನನ್ನು ಬೈಯೋಕೆ ನಾನೊಬ್ಬಳೇ ಸಾಲುತ್ತಿಲ್ಲ. ಸ್ಟೂಲಿನ ಮೇಲೆ ನಂಬಿಕೆ ಬರದಿದ್ದರೆ ಮೊದಲು ನಾನು ಕೂರ್ತೀನಿ, ನೀವು ನನ್ನ ತೊಡೆ ಮೇಲೆ ಕೂತ್ಕೊಳ್ಳಿ. ಬಿದ್ದರೆ ಇಬ್ಬರೂ ಒಟ್ಟಿಗೇ ಬೀಳೋಣ.

ಬೀಳಲ್ಲ.

ನಿಮ್ಮ ಸೊಸೆ