ವಾಕ್ಯದ ನಡುವಿನ ಉಸಿರು

ಜನವರಿ 9, ಸೋಮವಾರ

112ನೇ ಪುಟಕ್ಕೆ ನಿಲ್ಲಿಸಿದೆ. ನೂರಿಪ್ಪತ್ತಾದರೂ ಮುಟ್ಟಬೇಕಿತ್ತು. ಬೆಳಿಗ್ಗೆ ಕಾರ್ಖಾನೆಯ ಮೈಕಿನಲ್ಲಿ ಪತ್ರಿಕೆ ಓದಿ ಮುಗಿಸುವಷ್ಟರಲ್ಲೇ ಗಂಟಲು ಒಣಗಿತ್ತು. ಮಧ್ಯಾಹ್ನ ಕಾದಂಬರಿ. ಹಡಗು ಬಂಡೆಗೆ ಬಡಿಯುವ ಭಾಗ. ನನ್ನ ಓದು ಕೇಳುತ್ತ ಸಿಗಾರ್ ಸುತ್ತುವ ಎಂಬತ್ತು ಜನ ಶುಕ್ರವಾರದಿಂದ ಅದಕ್ಕೇ ಕಾದಿದ್ದರು. ಬಡಿಯಿತೇನೋ ಬಡಿಯಿತು... ನಾನು ಎಣಿಸಿದಷ್ಟು ಜೋರಾಗಿ ಬಡಿಯಲಿಲ್ಲ.

ಮೊದಲ ಸಾಲಿನಲ್ಲಿ ಕೂರುವ ಎವೇಲಿಯೊ, ಕೈಯಲ್ಲಿದ್ದ ಹೊಗೆಸೊಪ್ಪಿನ ಎಲೆಯಿಂದ ಕಣ್ಣೆತ್ತದೆ, "ಏನ್ ತಾಯಿ, ಮುಳುಗ್ತಿರೋದು ಹಡಗೋ ನೀನೋ?" ಎಂದ. ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ನಗು ಕೆಮ್ಮಾಗಿ ಮುಗಿಯಿತು.

ಉತ್ತರದ ಚಳಿಗಾಳಿ ಇಳಿದಿದೆ. ಅಮ್ಮ ಲೋಳೆಸರಕ್ಕೆ ಜೇನು ಕಲಸಿ ಇಟ್ಟಿದ್ದಾಳೆ. ಶೀತ, ಅಷ್ಟೆ.

ಜನವರಿ 12, ಗುರುವಾರ

ನೀಲಿ ಇನ್ಹೇಲರ್ ಇಂದು ಎರಡು ಸಲ. ಕಾರ್ಖಾನೆಯ ಪಾಯಿಖಾನೆಗೆ ಹೋಗಿ, ಬಾಗಿಲು ಹಾಕಿಕೊಂಡು.

ಉಬ್ಬಸ ಎಂಟನೇ ವಯಸ್ಸಿಗೆ ಬಂದದ್ದು, ಹದಿನೈದಕ್ಕೆ ಹೋದದ್ದು. ಹೋಯಿತು ಎಂದೇ ಮೂವತ್ತೆರಡು ವರ್ಷ ನಂಬಿಕೊಂಡು ಬಂದೆ. ಧೂಳು ಹೆಚ್ಚಾದಾಗ ತಿಂಗಳಿಗೊಮ್ಮೆ ಒಂದು ಸಲ ಒತ್ತಿಕೊಂಡರೆ ಅದನ್ನು ಕಾಯಿಲೆ ಎನ್ನುತ್ತಾರೆಯೇ?

ಯಾರಿಗೂ ಹೇಳಿಲ್ಲ. ಇಲ್ಲಿ ಓದುವವಳನ್ನು ಆರಿಸುವವರು ಸಿಗಾರ್ ಸುತ್ತುವವರೇ, ಕೈಯೆತ್ತಿ. ಇಳಿಸುವವರೂ ಅವರೇ. ಹತ್ತೊಂಬತ್ತು ವರ್ಷ ಆ ಎತ್ತರದ ಕುರ್ಚಿಯಲ್ಲಿ ಕೂತಿದ್ದೇನೆ. ಇಳಿದರೆ ಎಲ್ಲಿ ಕೂರಬೇಕೆಂದು ನನಗೆ ಗೊತ್ತಿಲ್ಲ.

ಜನವರಿ 17, ಮಂಗಳವಾರ, ಬೆಳಿಗ್ಗೆ 6

ಮತ್ತೆ ಮೂರು ಗಂಟೆಗೆ ಎಚ್ಚರವಾಯಿತು. ಒಂದು ವಾರದಲ್ಲಿ ಇದು ಮೂರನೇ ರಾತ್ರಿ. ಎದೆಯೊಳಗೆ ಸುಯ್ ಸುಯ್. ಎರಡು ದಿಂಬು ಸಾಲದೆ ಮೂರಾಯಿತು. ಕೊನೆಗೆ ಕೂತೇ ತೂಕಡಿಸಿದೆ.

ಅಮ್ಮನಿಗೆ ಕೇಳಿಸಿದೆ. ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯವರ ಆಮೆಯನ್ನು ತಂದು, ಟಬ್ಬಿನಲ್ಲಿಟ್ಟು, ನನ್ನ ಮಂಚದ ಕೆಳಗೆ ತಳ್ಳಿದ್ದಾಳೆ.

"ಆಮೆ ಉಬ್ಬಸ ಎಳ್ಕೊಳ್ಳತ್ತೆ ಕಣೇ. ನಿಮ್ಮಜ್ಜಿಗೆ ಹಾಗೇ ಹೋಯ್ತು."

"ಅಜ್ಜಿ ಹೋದ್ಲಮ್ಮ. ಉಬ್ಬಸ ಹೋಗಲಿಲ್ಲ."

"ಬಾಯಿ ಮಾತ್ರ ಚೆನ್ನಾಗಿದೆ. ಉಸಿರು ಒಂದಿಲ್ಲ."

ಆಮೆ ಟಬ್ಬನ್ನು ಪರಪರ ಕೆರೆಯುತ್ತಿದೆ. ಇನ್ನು ನಿದ್ದೆ ಬಂದ ಹಾಗೆಯೇ.

ಜನವರಿ 20, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯಲಿ.

ಕಾಫಿ ಬಿಡುವಿನಲ್ಲಿ ಎವೇಲಿಯೊ ನನ್ನ ಕುರ್ಚಿಯ ಹತ್ತಿರ ಬಂದ. ಎಪ್ಪತ್ತರ ಹತ್ತಿರದವನು. ಅಲ್ಲಿಯವರೆಗೆ ಎದ್ದು ಬರುವುದೇ ಅಪರೂಪ.

"ಒಂದು ಮಾತು. ತಪ್ಪು ತಿಳ್ಕೋಬೇಡ. ಮುಂಚೆ ನೀನು ವಾಕ್ಯ ಮುಗಿದ್ಮೇಲೆ ಉಸಿರು ತಗೋತಿದ್ದೆ. ಹೊಸ ವರ್ಷ ಬಂದ್ಮೇಲೆ ನಡುನಡುವೆ ತಗೋತಿದ್ದೀಯ. ಇವತ್ತಂತೂ ಎಲ್ಲೆಂದ್ರಲ್ಲಿ ನಿಲ್ತಿದ್ದೀಯ. 'ಕ್ಯಾಪ್ಟನ್' ಅಂದೆ, ನಿಂತೆ. 'ಬಾಗಿಲು' ಅಂದೆ, ನಿಂತೆ. ಬಾಗಿಲು ತೆಗೆಯೋ ಅಷ್ಟರಲ್ಲಿ ನಾನು ಒಂದು ಸಿಗಾರೇ ಸುತ್ತಿ ಮುಗಿಸ್ದೆ."

"ಹೊಸಬಳು ಬೇಕು ಅಂತಿದ್ರೆ ನೇರ ಹೇಳಿ. ಕೈಯೆತ್ತಿಸಿ."

ಅವನ ಮುಖ ಸಣ್ಣದಾಯಿತು. "ಯಾರು ತಾಯಿ ಹೊಸಬಳ ಮಾತಾಡಿದ್ದು? ಹತ್ತೊಂಬತ್ತು ವರ್ಷದಿಂದ ನಿನ್ನ ಧ್ವನಿ ಕೇಳಿದೀನಿ. ನನ್ನ ಹೆಂಡ್ತಿ ಮಾತನ್ನೂ ಅಷ್ಟು ಕೇಳಿಲ್ಲ. ಡಾಕ್ಟ್ರಿಗೆ ತೋರ್ಸು ಅಂದೆ, ಅಷ್ಟೇ."

ನಾನು ಬೆನ್ನು ತಿರುಗಿಸಿದೆ. ಪಕ್ಕದ ಮೇಜಿನ ನಿಯೇವೆಸ್ ಎಲ್ಲ ಕೇಳಿಸಿಕೊಂಡಳು. ಅವಳದು ಮಾತು ಕಡಿಮೆ. ನನ್ನನ್ನು ನೋಡುತ್ತ ಕೂತಳು, ಅಷ್ಟೆ.

ಜನವರಿ 27, ಶುಕ್ರವಾರ

ನಮ್ಮ ಬೀದಿಯ ಡಾಕ್ಟರ್ ಯಮೀಲ್ಕಾ ಹತ್ತಿರ ಹೋಗಿದ್ದೆ. ಅಮ್ಮನ ಬಿ.ಪಿ. ನೆಪ ಮಾಡಿಕೊಂಡು. ಹುಡುಗಿಗೆ ಇನ್ನೂ ಮೂವತ್ತಾಗಿಲ್ಲ. ಅಮ್ಮನ ತೋಳಿಗೆ ಪಟ್ಟಿ ಸುತ್ತುತ್ತಲೇ ನನ್ನ ಕುತ್ತಿಗೆಯ ಕುಳಿ ನೋಡುತ್ತಿದ್ದಳು.

"ಅಮ್ಮಂದು ಸರಿಯಾಗಿದೆ. ಈಗ ನೀವು ಕೂತ್ಕೊಳ್ಳಿ. ನೀಲಿ ಇನ್ಹೇಲರ್ ವಾರಕ್ಕೆ ಎಷ್ಟು ದಿನ?"

"ಆಗೊಂದು ಈಗೊಂದು."

"ಅದು ಸಂಖ್ಯೆ ಅಲ್ಲ."

"...ದಿನಾ."

"ರಾತ್ರಿ ಎದ್ದು ಕೂರೋದು?"

"ವಾರಕ್ಕೊಂದ್ಸಲ" ಎಂದೆ. ಅಮ್ಮ ಬಾಯಿ ಹಾಕಿದಳು — "ಸುಳ್ಳು ಡಾಕ್ಟ್ರೇ. ಆಮೆಗೂ ನಿದ್ದೆ ಇಲ್ಲ."

ಒಂದು ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದಳು. ಮುಳ್ಳು ನನ್ನ ವಯಸ್ಸಿಗೆ ಇರಬೇಕಾದ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತಿತು. ಅವಳು ಬೈಯಲಿಲ್ಲ. ಕಂದು ಬಣ್ಣದ ಇನ್ನೊಂದು ಇನ್ಹೇಲರ್ ಕೊಟ್ಟಳು. ದಿನಕ್ಕೆರಡು ಹೊತ್ತು, ಚೆನ್ನಾಗಿದ್ದರೂ ಬಿಡಬಾರದು. ನೀಲಿಯದು ಹೊತ್ತಿದ ಬೆಂಕಿಯನ್ನು ಆರಿಸುವುದಂತೆ, ಕಂದಿನದು ಹೊತ್ತದಂತೆ ಕಾಯುವುದಂತೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೀಲಿ ಬೇಕಾದರೆ, ರಾತ್ರಿ ಎಬ್ಬಿಸಿದರೆ, ಉಬ್ಬಸ ಹತೋಟಿ ತಪ್ಪಿದೆ ಎಂದೇ ಅರ್ಥವಂತೆ. ಸೋಮವಾರ ಮತ್ತೆ ಬಂದು ಊದಿ ತೋರಿಸಬೇಕು.

ಬಾಗಿಲವರೆಗೆ ಬಂದು ಹೇಳಿದಳು, "ನೀಲಿ ತಗೊಂಡು ನಾಲ್ಕು ಗಂಟೆ ತಡೀಲಿಲ್ಲ ಅಂದ್ರೆ, ಒಂದು ವಾಕ್ಯ ಪೂರ್ತಿ ಆಡೋಕಾಗಲ್ಲ ಅಂದ್ರೆ, ತುಟಿ ಉಗುರು ನೀಲಿಯಾದ್ರೆ — ನನ್ನ ಹತ್ರಾನೂ ಬರಬೇಡಿ. ನೇರ ಆಸ್ಪತ್ರೆ. ಕೆಲಸ ಮುಗಿಸಿ ಹೋಗ್ತೀನಿ ಅನ್ಬೇಡಿ."

ಹೂಂ ಎಂದೆ.

ಫೆಬ್ರವರಿ 2, ಗುರುವಾರ

ಕಂದು ಬಣ್ಣದ್ದು ನಾಲ್ಕು ದಿನ ತೆಗೆದುಕೊಂಡೆ. ಏನೂ ಗೊತ್ತಾಗುವುದಿಲ್ಲ. ನೀಲಿಯದು ಒತ್ತಿದ ಐದು ನಿಮಿಷಕ್ಕೆ ಎದೆ ಬಿಡುತ್ತದೆ. ಇದು ಬಾಯಿಗೆ ಗಾಳಿ ಊದಿದ ಹಾಗೆ. ಬಿಟ್ಟೆ. ಸೋಮವಾರ ಹೋಗಲೂ ಇಲ್ಲ.

ಪುಟ 171. ನಾವಿಕರು ದ್ವೀಪಕ್ಕೆ ಬಂದು ಬಿದ್ದಿದ್ದಾರೆ. ಬರಹಗಾರ ಬಹಳ ಉದ್ದದ ವಾಕ್ಯ ಬರೆಯುತ್ತಾನೆ. ಈಗೀಗ ನಾನೇ ಕತ್ತರಿಸಿ ಓದುತ್ತೇನೆ. ಯಾರಿಗೂ ಗೊತ್ತಾಗುತ್ತಿಲ್ಲ ಅಂದುಕೊಂಡಿದ್ದೇನೆ.

ಫೆಬ್ರವರಿ 7, ಮಂಗಳವಾರ

ಮತ್ತೆ ಚಳಿಗಾಳಿ. ನೀಲಿ ಏಳು ಸಲ. ಎರಡು ಗಂಟೆಯೂ ತಡೆಯುತ್ತಿಲ್ಲ. ಮೆಟ್ಟಿಲ ಅರ್ಧದಲ್ಲಿ ಚಪ್ಪಲಿ ಸರಿಮಾಡುವವಳ ಹಾಗೆ ನಿಂತೆ. ನಾಳೆ ಹೊಸ ಹೊಗೆಸೊಪ್ಪಿನ ಮೂಟೆ ಬಿಚ್ಚುತ್ತಾರೆ, ಹಾಲ್ ತುಂಬ ಧೂಳು. ನಾಳೆಯದೊಂದು ದಾಟಿದರೆ ಗುರುವಾರ ಖಂಡಿತ ಯಮೀಲ್ಕಾ ಹತ್ತಿರ...

ಫೆಬ್ರವರಿ 11, ಶನಿವಾರ, ಆಸ್ಪತ್ರೆ

ಪೆನ್ನು ಹಿಡಿದರೆ ಕೈ ನಡುಗುತ್ತದೆ. ಔಷಧಿಯಿಂದಂತೆ. ನೆನಪಿರುವಾಗಲೇ ಬರೆದಿಡುತ್ತೇನೆ.

ಬುಧವಾರ. ಹತ್ತು ಗಂಟೆಗೆ ಮೂಟೆ ಬಿಚ್ಚಿದರು. ಮಧ್ಯಾಹ್ನದವರೆಗೆ ಎದೆ ಕೊಳಲಿನ ಹಾಗೆ ಊದುತ್ತಿತ್ತು. ಮೈಕಿನಲ್ಲೂ ಕೇಳಿರಬೇಕು. ಊಟ ಸೇರಲಿಲ್ಲ. ಒಂದೂವರೆಗೆ ಸದ್ದು ನಿಂತಿತು. ಅಬ್ಬ, ಇಳಿಯಿತು ಅಂದುಕೊಂಡೆ! ಸುಸ್ತು ಮಾತ್ರ ವಿಪರೀತ. ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದೆ, ಅದು ನನಗೇ ತಿಳಿಯದು. ಕಾದಂಬರಿ ತೆಗೆದೆ. ಒಂದು ಪದ. ಉಸಿರು. ಒಂದು ಪದ. ಉಸಿರು.

ಕೆಳಗೆ ಎಲೆ ಕತ್ತರಿಸುವ ಅಲಗುಗಳ ಸದ್ದು ಒಂದೊಂದಾಗಿ ನಿಂತಿತು. ಎಂಬತ್ತು ಜನ ಕೈ ನಿಲ್ಲಿಸಿ ಕೂತಿದ್ದರು. ಅಂಥ ಮೌನವನ್ನು ಆ ಹಾಲ್‌ನಲ್ಲಿ ನಾನು ಕೇಳಿಯೇ ಇರಲಿಲ್ಲ.

ನಿಯೇವೆಸ್ ನನ್ನ ಕುರ್ಚಿಯ ಮೆಟ್ಟಿಲು ಹತ್ತಿ ಬಂದಳು. ಕೇಳಲಿಲ್ಲ, ಹೇಳಲಿಲ್ಲ, ನನ್ನ ಬೆನ್ನಿಗೆ ಕಿವಿಯಿಟ್ಟಳು.

"ಒಳಗೆ ಸದ್ದೇ ಇಲ್ಲ."

"ಒಳ್ಳೇ...ದು" ಎಂದೆ. "ಈ... ಪುಟ..."

"ಒಳ್ಳೇದಲ್ಲ ಕಣೇ. ಗಾಳಿ ಆಡಿದ್ರೆ ತಾನೆ ಸದ್ದು?"

ಕೆಳಗಿನಿಂದ ಎವೇಲಿಯೊ ಕೂಗಿದ, "ನಿನ್ನ ಪೂರ್ತಿ ಹೆಸರು ಹೇಳು ತಾಯಿ. ಒಂದೇ ಉಸಿರಲ್ಲಿ."

ಎನೆಯ್ದಾ ಫಿಗೆರೆದೊ ಬಾರ್ಸೆನಾಸ್. ನಲವತ್ತೇಳು ವರ್ಷದಿಂದ ನನ್ನದೇ ಹೆಸರು. "ಎನೆ" ಎಂದೆ. ಅಲ್ಲಿಗೆ ಮುಗಿಯಿತು.

"ಎತ್ರೋ!" ಎಂದ ಅವನು.

ಮ್ಯಾನೇಜರ್ ಜೀಪು. ಯಾರೋ ಹಿಂದಿನ ಸೀಟಿನಲ್ಲಿ ಮಲಗಿಸಲು ಹೊರಟರು. "ಮಲಗಿಸ್ಬೇಡಿ, ಕೂರ್ಸಿ!" ಎಂದು ನಿಯೇವೆಸ್ ಗದರಿದಳು. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಅಲಗಿನಿಂದ ತೂತು ಕೊರೆದು, ನೀಲಿ ಇನ್ಹೇಲರ್ ಸಿಕ್ಕಿಸಿ, ಬಾಟಲಿಯ ಬಾಯನ್ನು ನನ್ನ ಬಾಯಿಗಿಟ್ಟಳು. ಒಂದು ಒತ್ತು, ನಾಲ್ಕೈದು ಉಸಿರು. ಮತ್ತೊಂದು ಒತ್ತು. ದಾರಿಯುದ್ದಕ್ಕೂ. ನನ್ನ ಉಗುರು ನೋಡಿಕೊಂಡೆ. ನನ್ನವಲ್ಲ ಅನ್ನಿಸಿತು.

ಆಮೇಲೆ ಆಮ್ಲಜನಕದ ಮುಖವಾಡ, ನೆಬುಲೈಸರಿನ ಔಷಧಿ ಆವಿ, ಸೂಜಿ. ಬಹಳ ಹೊತ್ತಿನ ಮೇಲೆ ಎದೆಯಲ್ಲಿ ಮತ್ತೆ ಸುಯ್ ಎಂದಿತು. ಡಾಕ್ಟರ್ ನಕ್ಕರು. "ಈಗ ಸದ್ದು ಬಂತು ನೋಡಿ. ಗಾಳಿ ಓಡಾಡ್ತಿದೆ." ಇನ್ನೂ ಅರ್ಧ ಗಂಟೆ ತಡವಾಗಿದ್ದರೆ ಎಂದು ಶುರುಮಾಡಿದವರು ಅಮ್ಮನನ್ನು ನೋಡಿ ಮಾತು ಬದಲಿಸಿದರು.

ಫೆಬ್ರವರಿ 13, ಸೋಮವಾರ

ಯಮೀಲ್ಕಾ ಬಂದಿದ್ದಳು. ಮಂಚದ ಅಂಚಿನಲ್ಲಿ ಕೂತಳು. ತಪ್ಪೊಪ್ಪಿಕೊಂಡೆ, ಎಲ್ಲವನ್ನೂ, ಸರಿಯಾದ ಸಂಖ್ಯೆಯಲ್ಲಿ.

"ಕಂದಿನದು ಯಾಕೆ ಬಿಟ್ರಿ?"

"ಏನೂ ಆಗ್ಲಿಲ್ಲ."

"ಏನೂ ಆಗ್ದೇ ಇರ್ಲಿ ಅಂತಾನೇ ಅದನ್ನ ಕೊಡೋದು."

ಇಬ್ಬರೂ ನಕ್ಕೆವು. ಕೆಮ್ಮು ಬರಲಿಲ್ಲ. ಅಮ್ಮ ಆಮೆಯನ್ನು ವಾಪಸ್ ಕೊಟ್ಟಿದ್ದಾಳಂತೆ. "ಪಾಪ, ಅದಕ್ಕೂ ಸಾಕಾಗಿತ್ತು" ಎಂದಳು.

ಫೆಬ್ರವರಿ 27, ಸೋಮವಾರ

ಇಂದು ಕೆಲಸಕ್ಕೆ ಹೋದೆ. ಕುರ್ಚಿಯನ್ನು ಮೂಟೆ ಬಿಚ್ಚುವ ಕಡೆಯಿಂದ ಎತ್ತಿ ಕಿಟಕಿಯ ಬಳಿ ಹಾಕಿದ್ದಾರೆ. ಯಾರ ಯೋಚನೆ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಬಿಚ್ಚುವ ದಿನ ನಾನು ಬರಬೇಕಿಲ್ಲವಂತೆ. ಅದಕ್ಕೆ ಕೈಯೆತ್ತಿಸಿದ್ದರಂತೆ. ಎಂಬತ್ತೂ ಕೈ.

ಮೈಕಿನಲ್ಲಿ ಮೊದಲು ಪತ್ರಿಕೆ ತೆಗೆಯಲಿಲ್ಲ. "ನನಗೆ ಉಬ್ಬಸ ಇದೆ. ಒಂದು ತಿಂಗಳು ಮುಚ್ಚಿಟ್ಟೆ. ನಿಮ್ಮ ಕಿವಿಗೆ ಗೊತ್ತಾಗಿತ್ತು, ನಾನು ಕೇಳ್ಲಿಲ್ಲ" ಎಂದೆ. ಎವೇಲಿಯೊ ಕಡೆ ನೋಡಿದೆ. ಅವನು ಎಲೆಯನ್ನು ತುಂಬ ಜಾಗ್ರತೆಯಿಂದ ಬಿಡಿಸುತ್ತಿದ್ದ.

"ಆಯ್ತಲ್ಲ" ಎಂದ. "ದ್ವೀಪದಲ್ಲಿ ಮೂರು ವಾರದಿಂದ ಬರೀ ಕಾಯಿ ತಿಂದ್ಕೊಂಡಿದ್ದಾರೆ. ಓದು."

ಅರ್ಧ ಗಂಟೆ ಓದಿದೆ. ಉದ್ದದ ವಾಕ್ಯಗಳನ್ನು ಉದ್ದಕ್ಕೇ ಓದಿದೆ. ಅಲಗಿನ ಹಿಡಿಯಿಂದ ಮೇಜು ಕುಟ್ಟಿ ಮೆಚ್ಚಿದರು. ಅಳು ಬಂತು, ತಡೆದುಕೊಂಡೆ.

ಕಾಫಿ ಬಿಡುವಿನಲ್ಲಿ ಒಬ್ಬೊಬ್ಬರೇ ಹತ್ತಿರ ಬಂದರು. ಯಾರದೋ ಹೆಂಡತಿಗೆ ರಾತ್ರಿ ಹೊತ್ತು ಮಾತ್ರ ಕೆಮ್ಮು. ಇನ್ನೊಬ್ಬರ ಮೊಮ್ಮಗಳು ಓಡಿದರೆ ಎದೆ ಹಿಡಿದುಕೊಳ್ಳುತ್ತಾಳೆ. ವಾರಕ್ಕೆ ಎಷ್ಟು ರಾತ್ರಿ ಎಂದು ಕೇಳಿದೆ. "ಆಗೊಂದು ಈಗೊಂದು" ಎಂದರು. ಅದು ಸಂಖ್ಯೆ ಅಲ್ಲ ಎಂದು ಯಮೀಲ್ಕಾ ಹತ್ತಿರ ಕಳಿಸಿದೆ.

ಎಲ್ಲರೂ ಹೋದಮೇಲೆ ನಿಯೇವೆಸ್ ಬಂದಳು. ಕೈಯಲ್ಲಿ ಕಾಫಿ, ಕುಡಿಯಲಿಲ್ಲ. ನಿನಗೆ ಆವತ್ತು ಹೇಗೆ ತಿಳಿಯಿತು ಎಂದು ನಾನೇ ಕೇಳಿದೆ.

"ನನ್ನ ತಮ್ಮನಿಗೂ ಇತ್ತು" ಎಂದಳು. "ಇಪ್ಪತ್ತಾರು ವರ್ಷದವನು. ಇಡೀ ದಿನ ಸುಯ್ ಸುಯ್ ಅಂತಿದ್ದ. ಸಂಜೆ ನಿಂತ್ಹೋಯ್ತು. ಸದ್ಯ, ಮಲಗಿದ್ದಾನೆ ಅಂತ ನಾನೇ ಹೊದಿಸ್ದೆ. ಬಾಗಿಲು ಮುಂದೆ ಮಾಡಿ ಬಂದೆ, ಎಚ್ಚರ ಆಗ್ದೇ ಇರ್ಲಿ ಅಂತ. ಆಮೇಲೆ ಆಸ್ಪತ್ರೆಯವರು ಹೇಳಿದ್ರು, ಸದ್ದು ನಿಂತಿದ್ದು ಯಾಕೆ ಅಂತ. ಹನ್ನೊಂದು ವರ್ಷ ಆಯ್ತು. ಯಾರ ಹತ್ರಾನೂ ಹೇಳಿಲ್ಲ."

ಗಂಟೆ ಹೊಡೆಯಿತು. ಅವಳು ಏಳಲಿಲ್ಲ.

"ನೀನು ಆ ಕಡೆಯಿಂದ ಬಂದವಳು, ಅದಕ್ಕೇ ಕೇಳ್ತೀನಿ. ಆ ಹೊತ್ತಲ್ಲಿ ಅವನಿಗೆ ಗೊತ್ತಾಗ್ತಿತ್ತಾ? ನಾನು ಬಾಗಿಲು ಹಾಕಿದ್ದು?"

ನನಗೆ ಆವತ್ತು ಎಲ್ಲ ಗೊತ್ತಾಗುತ್ತಿತ್ತು. ಅಲಗುಗಳು ನಿಂತದ್ದು, ಅವಳ ಕಿವಿಯ ಬಿಸಿ, ಎಲ್ಲ. ಅವಳ ಕೈ ಹಿಡಿದುಕೊಂಡೆ. ಇಲ್ಲ ನಿಯೇವೆಸ್, ಎಂದೆ. ಏನೂ ಗೊತ್ತಾಗಲ್ಲ. ನಿದ್ದೆ ಬಂದ ಹಾಗೆ...

ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವಳು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಸುಳ್ಳು ಹೇಳೋವಾಗ್ಲೂ ನೀನು ವಾಕ್ಯದ ನಡುವೇನೇ ನಿಲ್ತೀಯ" ಎಂದಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.