ಬೀಗಿತ್ತಿಯ ಜೊತೆ ಇಂಗ್ಲಿಷು

ಮೇಡಂ ಅವರಿಗೆ ಹಿಂದಿನ ಬೆಂಚಿನ ಟೈಲರಮ್ಮನ ನಮಸ್ಕಾರ.

ಇಂಗ್ಲಿಷ್ ಯಾಕೆ ಕಲಿಯುತ್ತೀರಿ ಎಂದು ನೀವು ಮೊದಲ ದಿನ ಕೇಳಿದಾಗ ಎಲ್ಲರೂ ಕೆಲಸಕ್ಕೆ, ಪರೀಕ್ಷೆಗೆ ಎಂದರು. ನಾನು ಸುಮ್ಮನೆ ನಕ್ಕುಬಿಟ್ಟೆ. ಈಗ ಹೇಳುತ್ತೇನೆ.

ನನ್ನ ಮಗಳು ಹೊರದೇಶದ ಹುಡುಗನನ್ನು ಮದುವೆಯಾಗಿ ಅವರ ಮನೆ ಸೇರಿದ್ದಾಳೆ. ಬೀಗಿತ್ತಿಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಫೋನಿನಲ್ಲಿ ಅವರು ಮಾರುದ್ದ ಮಾತಾಡಿದರೂ ಮಗಳು, “ಎಲ್ಲಾ ಚೆನ್ನಾಗಿದೆ ಅಂತಿದಾರಮ್ಮ” ಎಂದಷ್ಟೇ ಹೇಳುತ್ತಿದ್ದಳು. ಸೊಸೆ ಅವರಿಗೆ ಒಪ್ಪಿಗೆಯೋ ಇಲ್ಲವೋ ಎಂದು ನನ್ನ ಜೀವ ಹೊಯ್ದಾಡುತ್ತಿತ್ತು.

ನಿನ್ನೆ ಧೈರ್ಯ ಮಾಡಿ ನಾನೇ ಕೇಳಿದೆ: “ಯು ಲೈಕ್ ಮೈ ಡಾಟರ್?”

ಅವರು ತಡವರಿಸುತ್ತಾ, “ಐ ಲವ್! ಯು ಲೈಕ್ ಮೈ ಸನ್?” ಎಂದರು.

ಅವರೂ ಇದೇ ಚಿಂತೆಯಲ್ಲಿ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದಾರಂತೆ, ಮೇಡಂ! ಇಬ್ಬರೂ ತಪ್ಪುತಪ್ಪಾಗಿ ಮಾತಾಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಡುವೆ ಮಗಳು, “ಅಯ್ಯೋ, ಇನ್ನು ಇಬ್ರೂ ಸೇರಿ ನನ್ನ ಬೈತೀರಲ್ಲಾ!” ಎಂದಳು.

ಒಂದೇ ಒಂದು ಬೇಡಿಕೆ. “ನಮ್ಮ ಮನೆಗೆ ಯಾವಾಗ ಬರುತ್ತೀರಿ?” ಎಂದು ಬೀಗಿತ್ತಿ ಕೇಳಿದರು, ನನಗೆ ಉತ್ತರ ಹೇಳಲು ಬರಲಿಲ್ಲ. ದಯವಿಟ್ಟು ನಾಳೆಯೇ ಭವಿಷ್ಯತ್ ಕಾಲ ಕಲಿಸಿಬಿಡಿ.

ಇಂತಿ,
ಕಾಯುತ್ತಿರುವ ನಿಮ್ಮ ಟೈಲರಮ್ಮ